ಶಾಂತಮಲ್ಲಪ್ಪನವರ ಬಾಳೆಗೊನೆ

ನಮ್ಮೂರಿನಲ್ಲಿ ಚುನಾವಣೆಗೆ ನಿಂತವರು ಮೊದಲು ಮಾಡುವ ಕೆಲಸವೆಂದರೆ ಬಾಯಿ ಮುಚ್ಚಿಕೊಳ್ಳುವುದು. ಬೇರೆ ಊರುಗಳಲ್ಲಿ ಮೈಕು ಕಟ್ಟಿಕೊಂಡು ಬೀದಿ ಬೀದಿ ಕೂಗುತ್ತಾರೆ, ನೆಂಟರ ಮನೆಗೆ ಹೋದಾಗ ನಾನೇ ಕಿವಿಯಾರೆ ಕೇಳಿದ್ದೇನೆ. ನಮ್ಮಲ್ಲಿ ಹಾಗಿಲ್ಲ. ಇಲ್ಲಿ ಅಭ್ಯರ್ಥಿ ತುಟಿ ಬಿಗಿದುಕೊಂಡು ಮನೆ ಮುಂದೆ ಬಂದು ನಿಲ್ಲುತ್ತಾನೆ, ಕೈಮುಗಿಯುತ್ತಾನೆ, ಒಂದೂ ಮಾತಾಡದೆ ಮುಂದಿನ ಮನೆಗೆ ಹೋಗುತ್ತಾನೆ. ಹಿಂದೆ ಬರುವ ಹಿಂಬಾಲಕರು ಕೆಮ್ಮು ಬಂದರೂ ನುಂಗಿಕೊಳ್ಳುತ್ತಾರೆ. ಗೋಡೆಗಳ ಮೇಲೆ ಎಲ್ಲ ಪಕ್ಷದವರೂ ಬರೆಸುವುದು ಒಂದೇ ಘೋಷಣೆ: 'ನಿಮ್ಮ ದನಿ ನಿಮ್ಮ ಹತ್ತಿರವೇ ಇರಲಿ.' ಯಾರು ಚೆನ್ನಾಗಿ ಸುಮ್ಮನಿರುತ್ತಾರೋ ಅವರಿಗೆ ಗೆಲುವು.

ಕಾರಣ ಇಷ್ಟೇ. ಪುರಸಭೆಯ ಸಭಾಂಗಣದಲ್ಲಿ ಸದಸ್ಯರು ಎದ್ದು ನಿಂತು ಬಾಯಿ ತೆರೆದರೆ ಬರುವುದು ಅವರ ದನಿಯಲ್ಲ, ಅವರಿಗೆ ವೋಟು ಹಾಕಿದವರಲ್ಲಿ ಯಾರಾದರೊಬ್ಬರ ದನಿ. ಮಾತು ಸದಸ್ಯರದು, ದನಿ ನಮ್ಮದು. ಅವರು ಮಾತಾಡುವಷ್ಟು ಹೊತ್ತು ದನಿ ಹೋದವರು ಎಲ್ಲಿದ್ದಾರೋ ಅಲ್ಲೇ ಮೂಕರು. ಸದಸ್ಯರ ಸ್ವಂತ ದನಿ ಮಾತ್ರ ಆ ಬಾಗಿಲು ದಾಟುವುದಿಲ್ಲ, ಚಪ್ಪಲಿಯ ಜೊತೆ ಹೊರಗೇ ಉಳಿಯುತ್ತದೆ. ಇದು ನಮ್ಮ ಮುತ್ತಾತನ ಕಾಲದಿಂದಲೂ ಹೀಗೇ ಇದೆ, ಯಾಕೆಂದು ಯಾರೂ ಕೇಳಿಲ್ಲ. ಸಾಲದ್ದಕ್ಕೆ ಸಭಾಂಗಣದ ತಾರಸಿಯ ಮೇಲೆ ನಾಲ್ಕೂ ದಿಕ್ಕಿಗೆ ಹಾರ್ನು ಕಟ್ಟಿದ್ದಾರೆ. ಒಳಗೆ ಆಡಿದ್ದೆಲ್ಲ ಊರಿಗೆ ಕೇಳುತ್ತದೆ. ಹಾಗಾಗಿ ಗುಟ್ಟಿನ ಮತದಾನವೆಂಬುದು ನಮ್ಮಲ್ಲಿ ಪೆಟ್ಟಿಗೆಯವರೆಗೆ ಮಾತ್ರ. ನನ್ನ ಸೋದರಮಾವ ಚುನಾವಣೆಗೆ ನಿಂತಿದ್ದ ತನ್ನ ಬೀಗರಿಗೇ ವೋಟೆಂದು ಎಲೆ ಅಡಿಕೆ ಮುಟ್ಟಿ ಭಾಷೆ ಕೊಟ್ಟು, ಒಳಗೆ ಹೋಗಿ ಎದುರಾಳಿಗೆ ಒತ್ತಿ ಬಂದಿದ್ದ. ಮೊದಲ ಸಭೆಯಲ್ಲೇ ಆ ಎದುರಾಳಿ ಎದ್ದು ನಿಂತು "ಚರಂಡಿ ಹೂಳೆತ್ತಬೇಕು" ಎಂದ, ದನಿ ನನ್ನ ಮಾವನದು. ಅವತ್ತು ಹಬ್ಬದೂಟಕ್ಕೆ ಬಂದು ಕುಳಿತಿದ್ದ ಬೀಗರು ಎಲೆ ಬಿಟ್ಟು ಎದ್ದುಹೋದವರು ಇವತ್ತಿಗೂ ಆ ಮನೆಯ ನೀರು ಮುಟ್ಟಿಲ್ಲ.

ನಾನು ಮಲ್ಲಾಜಮ್ಮ. ಸಭಾಂಗಣದ ಎದುರಿಗೇ ಇರುವ ತರಕಾರಿ ಮಂಡಿಯಲ್ಲಿ ಹರಾಜು ಕೂಗುವವಳು. ನಮ್ಮಪ್ಪ ನಿಂತು ಕೂಗುತ್ತಿದ್ದ ಕಲ್ಲುಕಟ್ಟೆಯ ಮೇಲೇ ನಾನೂ ನಿಲ್ಲುತ್ತೇನೆ. ನೀನು ಗಂಟಲು ಬಿಟ್ಟರೆ ಕೆರೆಯಾಚೆ ಮೇಯುವ ಎಮ್ಮೆಗಳೂ ತಲೆಯೆತ್ತುತ್ತವೆ ಎಂದು ನಮ್ಮ ಯಜಮಾನರು ಹೇಳುತ್ತಾರೆ. ಅದು ಹೊಗಳಿಕೆಯೋ ದೂರೋ ಮದುವೆಯಾದಾಗಿನಿಂದ ತೀರ್ಮಾನವಾಗಿಲ್ಲ. ಅವರು ಅದೇ ಮಂಡಿಯಲ್ಲಿ ತಕ್ಕಡಿ ಹಿಡಿಯುತ್ತಾರೆ. ನಾನು ಕೂಗಬೇಕು, ಅವರು ತೂಗಬೇಕು, ಆಮೇಲೆ ಮನೆಯಲ್ಲಿ ಒಲೆ ಹೊತ್ತಿಕೊಳ್ಳಬೇಕು. ದನಿಯೇ ಅನ್ನವಾದವಳು ಅದನ್ನು ಯಾರಿಗೋ ಎರವಲು ಕೊಟ್ಟು ಬಾಯಿ ಬಾಯಿ ಬಿಡುತ್ತಾ ನಿಂತರೆ ನಡೆಯುತ್ತದೆಯೇ? ಆದ್ದರಿಂದ ನಾನೂ ಕೇರಿಯವರೆಲ್ಲರ ಹಾಗೆ ಪ್ರತಿ ಸಲವೂ ಶಾಂತಮಲ್ಲಪ್ಪನವರಿಗೇ ವೋಟು ಹಾಕುತ್ತಾ ಬಂದಿದ್ದೆ.

ಶಾಂತಮಲ್ಲಪ್ಪನವರಂಥ ಸದಸ್ಯರು ಸಿಗುವುದಕ್ಕೆ ಪುಣ್ಯ ಮಾಡಿರಬೇಕು ಎಂದು ಆಗ ಅಂದುಕೊಳ್ಳುತ್ತಿದ್ದೆವು. ದುಂಡನೆಯ, ಬಿಳಿ ಜುಬ್ಬದ ಮನುಷ್ಯ. ಸಭೆಯಲ್ಲಿ ಮಾತಾಡುವುದಿರಲಿ, ಎಲ್ಲಿ ರೂಢಿ ತಪ್ಪಿಹೋಗುತ್ತದೋ ಎಂದು ಬೀದಿಯಲ್ಲೂ ಮಾತಾಡುತ್ತಿರಲಿಲ್ಲ. ನಾವು ಅವರ ದನಿ ಕೇಳಿ ಎಷ್ಟು ಕಾಲವಾಗಿತ್ತೆಂದರೆ, ಅದು ದಪ್ಪದೋ ಸಣ್ಣದೋ ಎಂದು ಹಮಾಲರು ಪಂಥ ಕಟ್ಟುತ್ತಿದ್ದರು. ನಿಂತದ್ದು ನಮ್ಮ ಮಂಡಿ ಕೇರಿಯಿಂದ, ಮನೆ ಕಟ್ಟಿಸಿಕೊಂಡದ್ದು ಗುಡ್ಡದ ಬಡಾವಣೆಯಲ್ಲಿ, ಅವರ ವೋಟೂ ಅಲ್ಲೇ. ಹಿತ್ತಲಲ್ಲಿ ಬಾಳೆ ಬೆಳೆಸಿದ್ದರು. ಅವರಿಗೆ ಹೆಮ್ಮೆ ಎನ್ನುವುದೇನಾದರೂ ಇದ್ದರೆ ಆ ಗೊನೆಗಳ ಮೇಲೆ. ಚುನಾವಣೆ ಬಂದಾಗ ಮನೆಗೊಂದು ಚಿಪ್ಪು ಕೊಟ್ಟು, ನಾವು ಒಂದು ಹಣ್ಣು ಸುಲಿದು ತಿಂದು 'ಆಹಾ' ಎಂದು ತಲೆದೂಗುವವರೆಗೆ ಅಲ್ಲಿಂದ ಕದಲುತ್ತಿರಲಿಲ್ಲ. ಗೆದ್ದಮೇಲೆ ಸಭೆಗೆ ಹೋಗಿ ಕುರ್ಚಿಯಲ್ಲಿ ಕುಳಿತು ಕಣ್ಣು ಮುಚ್ಚುತ್ತಿದ್ದರು. ನಮ್ಮ ದನಿ ನಮ್ಮ ಹತ್ತಿರವೇ ಇತ್ತು. ನಲ್ಲಿಯಲ್ಲಿ ನೀರು ಮಾತ್ರ ಇರಲಿಲ್ಲ, ಕಂಬದಲ್ಲಿ ದೀಪ ಇರಲಿಲ್ಲ, ಮಂಡಿಯ ಸೂರಿನಲ್ಲಿ ಆಕಾಶ ಕಾಣುತ್ತಿತ್ತು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರೆ. ನಾವು ಬಾಯಿಯನ್ನು ಭದ್ರವಾಗಿಟ್ಟುಕೊಂಡು ಮಳೆಗಾಲದಲ್ಲೂ ಒಣಗುತ್ತಿದ್ದೆವು.

ಗುಡ್ಡದ ಬಡಾವಣೆಯ ಸದಸ್ಯ, ಪುರಸಭೆಯ ಅಧ್ಯಕ್ಷ ಪರಮಶಿವಯ್ಯ ಬೇರೆ ಜಾತಿಯ ಕುದುರೆ. ಆತ ಸಭೆಯನ್ನು ಮಧ್ಯಾಹ್ನದ ಊಟದ ನಂತರಕ್ಕೆ ಇಡಿಸಿದ್ದ. ಗುಡ್ಡದ ಮೇಲಿನವರು ಉಂಡು, ಫ್ಯಾನು ಹಾಕಿಕೊಂಡು, ಒಂದು ನಿದ್ದೆ ತೆಗೆಯುವ ಹೊತ್ತು ಅದು. ಮಲಗಿದವರಿಗೆ ದನಿ ಹೋದರೇನು, ಇದ್ದರೇನು? ಗೊರಕೆಯೊಂದು ನಿಲ್ಲುತ್ತದೆ, ಪಕ್ಕದವರಿಗೆ ಸುಖ. ಹೀಗೆ ಆತ ಮಲಗಿದವರ ದನಿಗಳಲ್ಲಿ ಬೇಕಾದ್ದೆಲ್ಲ ಮಾತಾಡಿ ಗುಡ್ಡಕ್ಕೆ ಪಾರ್ಕು, ಟಾರು, ಎರಡು ಹೊತ್ತು ನೀರು ಎಲ್ಲ ಮಾಡಿಸಿಕೊಂಡ. ಆಮೇಲೆ ಆತನ ಕಣ್ಣು ನಮ್ಮ ಮಂಡಿಯ ಮೇಲೆ ಬಿತ್ತು. ಕೊಳೆತ ಈರುಳ್ಳಿಯ ವಾಸನೆ ಮತ್ತು ಹರಾಜಿನ ಗಲಾಟೆ ಸಭೆಯ ಘನತೆಗೆ ಕುಂದಂತೆ. ಮಂಡಿಯನ್ನು ಊರಾಚೆ ಇಟ್ಟಿಗೆ ಗೂಡುಗಳ ಹಿಂದಕ್ಕೆ ಸಾಗಿಸಬೇಕಂತೆ. ಆ ಮಾತು ಹಾರ್ನಿನಲ್ಲಿ ಬಂದಾಗ ಮಂಡಿಗೆ ಮಂಡಿಯೇ ಕೈಯಲ್ಲಿದ್ದದ್ದು ಬಿಟ್ಟು ನಿಂತಿತು. ಇಟ್ಟಿಗೆ ಗೂಡಿನ ಹಿಂದೆ ಹೋಗಿ ಯಾರಿಗೆ ಸೊಪ್ಪು ಮಾರುವುದು, ಇಟ್ಟಿಗೆಗಳಿಗೇ? ನಾವೆಲ್ಲ ಕಿವಿ ನಿಮಿರಿಸಿ ಶಾಂತಮಲ್ಲಪ್ಪನವರು ಎದ್ದು ಬೇಡವೆನ್ನುತ್ತಾರೆಂದು ಕಾದೆವು. ಹಾರ್ನಿನಲ್ಲಿ ಕುರ್ಚಿ ಕಿರ್ರೆಂದ ಸದ್ದು ಬಂತು. ಅವರು ಮಗ್ಗುಲು ಬದಲಿಸಿದ್ದರು. ವಿಷಯ ಮುಂದಿನ ಪುರಸಭೆಯ ತೀರ್ಮಾನಕ್ಕೆ ಹೋಯಿತು, ಚುನಾವಣೆ ಬಂತು.

ನಿಂಬೆಹಣ್ಣು ಮಾರುವ ಜೈಬಕ್ಕ ನಿಲ್ಲುತ್ತೇನೆಂದಾಗ ಮೊದಲು ಎಲ್ಲರೂ ನಕ್ಕರು. ಜೈಬುನ್ನೀಸಾ ಎಂಬ ಪೂರ್ತಿ ಹೆಸರು ಓಟರ್ ಪಟ್ಟಿಗೆ ಮಾತ್ರ ಗೊತ್ತು, ನಮಗೆಲ್ಲ ಜೈಬಕ್ಕ. ಆಕೆ ನಿದ್ದೆಯಲ್ಲೂ ಮಾತಾಡುತ್ತಾಳೆ. ಒಂದು ನಿಂಬೆಹಣ್ಣು ಕೊಂಡರೆ ಎರಡು ಬುದ್ಧಿಮಾತು ಪುಕ್ಕಟೆ. ಅಂಥವಳಿಗೆ ವೋಟು ಹಾಕಿದರೆ ನಮ್ಮ ಗಂಟಲುಗಳ ಗತಿ?

"ನೋಡ್ರಪ್ಪಾ," ಎಂದಳು ಆಕೆ, ನನ್ನ ಕಟ್ಟೆಯನ್ನೇ ಹತ್ತಿ ನಿಂತು. "ಸುಳ್ಳು ಹೇಳಕ್ಕೆ ನಂಗೆ ಬರಲ್ಲ. ನಾನು ಗೆದ್ರೆ ಮಾತಾಡ್ತೀನಿ. ಪ್ರತಿ ಸಭೇಲೂ ಮಾತಾಡ್ತೀನಿ. ನಿಮ್ ಗಂಟ್ಲು ಸವೀತದೆ, ಯಾಪಾರದ ಮಧ್ಯೆ ಮೂಕ್ರಾಗ್ತೀರಾ, ಹೆಂಡ್ತಿ ಬೈದ್ರೆ ತಿರುಗಿಸಿ ಬೈಯಕ್ಕೂ ಆಗಲ್ಲ. ಆದ್ರೆ ಮಂಡಿ ಇಲ್ಲೇ ಇರ್ತದೆ. ದನಿ ಮಡಿಕ್ಕಂಡು ಇಟ್ಟಿಗೆ ಗೂಡಿಗೆ ಹೋಗ್ತೀರೋ, ದನಿ ಕೊಟ್ಟು ಇಲ್ಲೇ ಇರ್ತೀರೋ, ನೀವೇ ನೋಡ್ಕಳಿ."

ಊರಿನ ಇತಿಹಾಸದಲ್ಲೇ ಬಾಯಿ ಬಿಟ್ಟು ವೋಟು ಕೇಳಿದವಳು ಅವಳೊಬ್ಬಳೇ. ಮತಗಟ್ಟೆಯ ಮರೆಯಲ್ಲಿ ನಿಂತಾಗ ನನ್ನ ಕೈ ರೂಢಿಯಂತೆ ಶಾಂತಮಲ್ಲಪ್ಪನವರ ಕಡೆಗೇ ಹೋಯಿತು, ಸುಳ್ಳೇಕೆ ಹೇಳಲಿ. ಅವರ ಬಾಳೆಗೊನೆಯ ಗುರುತು ಕಣ್ಣೆದುರಿಗೇ ಇತ್ತು. ಅಪ್ಪನ ಕಟ್ಟೆಯನ್ನು ನೆನೆಸಿಕೊಂಡು ಜೈಬಕ್ಕನಿಗೇ ಒತ್ತಿ ಬಂದೆ. ಬಹಳ ಜನ ಹಾಗೇ ಮಾಡಿದ್ದರೆಂದು ಎಣಿಕೆಯ ದಿನ ತಿಳಿಯಿತು. ಶಾಂತಮಲ್ಲಪ್ಪನವರು ಸೋತರು, ಏನೂ ಹೇಳಲಿಲ್ಲ.

ಆಮೇಲಿನ ದಿನಗಳನ್ನು ಏನೆಂದು ಹೇಳಲಿ! ಹೂವು ಮಾರುವ ಸಣ್ಣಮ್ಮ ಮೊಳ ಹಾಕುತ್ತಾ "ಹತ್ರುಪಾಯ್ಗೆ" ಎನ್ನುವಷ್ಟರಲ್ಲಿ ಬಾಯಿ ಕಟ್ಟುತ್ತಿತ್ತು, ಹಾರ್ನಿನಲ್ಲಿ ಅವಳ ದನಿ "ಮಾನ್ಯ ಅಧ್ಯಕ್ಷರೇ, ನಮ್ಮ ಕೇರಿ ನಲ್ಲಿ ಏನ್ ಪಾಪ ಮಾಡಿತ್ತು?" ಎಂದು ಕೇಳುತ್ತಿತ್ತು. ಹಮಾಲರ ಮೇಸ್ತ್ರಿ ಬೈಗುಳದ ಮಧ್ಯೆ ಮೂಕನಾಗಿ, ಅರ್ಧ ಬೈಸಿಕೊಂಡವರು ಉಳಿದರ್ಧಕ್ಕೆ ಕಾಯುತ್ತಾ ನಿಲ್ಲುತ್ತಿದ್ದರು. ನಮ್ಮ ಯಜಮಾನರ ದನಿಯಂತೂ ಮೇಲಿಂದ ಮೇಲೆ ಹೋಗುತ್ತಿತ್ತು. ಆದರೆ ಜನ ಎಂಥದಕ್ಕೂ ಒಗ್ಗಿಕೊಳ್ಳುತ್ತಾರೆ. ದನದ ಸಂತೆಯಲ್ಲಿ ಟವಲಿನ ಕೆಳಗೆ ಬೆರಳು ಹಿಡಿದು ರೇಟು ಮುಗಿಸುತ್ತಾರಲ್ಲ, ಅದನ್ನೇ ನಮ್ಮವರು ಮಂಡಿಗೆ ತಂದರು. ಬಾಯಿ ಹೋದ ತಕ್ಷಣ ಹೆಗಲ ಮೇಲಿನ ಟವಲು ಕೈಮೇಲೆ ಬೀಳುತ್ತಿತ್ತು. ಬೆರಳು ಹಿಡಿದು ಬದನೆಕಾಯಿ ಮಾರಿದರು, ಬೆರಳು ಹಿಡಿದು ಜಗಳವಾಡಿದರು, ಒಂದು ಮದುವೆ ಮಾತುಕತೆಯೂ ಟವಲಿನ ಕೆಳಗೇ ನಡೆಯಿತು. ಅಷ್ಟರಲ್ಲಿ ನಲ್ಲಿಗೆ ನೀರು ಬಂತು. ಕಂಬಕ್ಕೆ ದೀಪ ಬಂತು. ಮೊದಲ ಸಲ ದೀಪ ಹತ್ತಿಕೊಂಡಾಗ ಸಣ್ಣಮ್ಮ, "ನನ್ ದನೀಲಿ ಕೇಳಿದ್ದು ಕಣ್ರೇ ಇದು," ಎಂದು ಎಲ್ಲರಿಗೂ ತೋರಿಸಿ ಬಂದಳು. ಅವಳ ಮುಖ ನೋಡಿ ನನಗೆ ಹೊಟ್ಟೆಕಿಚ್ಚಾಯಿತು.

ಯಾಕೆಂದರೆ ನನ್ನ ದನಿ ಒಂದು ಸಲವೂ ಹೋಗಿರಲಿಲ್ಲ. ಯಾರ ದನಿ ಯಾವಾಗ ಹೋಗುತ್ತದೆಂಬುದು ಯಾರ ಕೈಯಲ್ಲೂ ಇಲ್ಲ. ಮೊದಮೊದಲು ಸದ್ಯ ಬದುಕಿದೆ ಎಂದುಕೊಂಡೆ. ಬರಬರುತ್ತಾ ಕೇರಿಯವರ ನೋಟ ಬದಲಾಯಿತು. ನಾನು ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು, ಜೈಬಕ್ಕ ತೆಗೆದುಕೊಂಡು ನಿಂತದ್ದಲ್ಲ, ಅವರೇ ನಿಲ್ಲಿಸಿದ್ದು. ಒಂದು ದಿನ ಮೇಸ್ತ್ರಿ ಕೇಳೇಬಿಟ್ಟ: "ಮಲ್ಲಾಜಮ್ಮಾರೇ, ನಿಮ್ ದನಿ ಭಾಳ ಗಟ್ಟಿ ಅಲ್ವಾ? ಎಲ್ಲರ್ದೂ ಹೋಯ್ತದೆ, ನಿಮ್ದು ಮಾತ್ರ ಅಲುಗಾಡಲ್ಲ. ಬಾಳೆಹಣ್ಣು ತಿಂದ ಗಂಟ್ಲು ಇರ್ಬೇಕು."

ಎಲ್ಲರೂ ನಕ್ಕರು. ನನಗೆ ನೆಲ ಬಿರಿದು ಬಾಯಿ ಬಿಡಬಾರದೇ ಅನ್ನಿಸಿತು. ಮನೆಗೆ ಬಂದು ಯಜಮಾನರ ಮುಂದೆ, "ನಾನು ಜೈಬಕ್ಕಂಗೇ ಒತ್ತಿದ್ದು ಅಂತ ನೀವಾದ್ರೂ ನಂಬ್ತೀರಾ ಇಲ್ವಾ?" ಎಂದೆ.

"ನಂಬ್ದೆ ಏನು," ಎಂದರು ಅವರು, ಮುದ್ದೆಯ ತಟ್ಟೆಯಿಂದ ತಲೆಯೆತ್ತದೆ. "ಆದ್ರೂ ಒಂದ್ಸಲ ಹೋಗಿದ್ರೆ ಚೆನ್ನಾಗಿರ್ತಿತ್ತು."

ಆ 'ಆದ್ರೂ' ಎಂಬ ಮಾತು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಕುಳಿತಿತು. ಪೆಟ್ಟಿಗೆ ಒಡೆದು ತೋರಿಸಲಾದೀತೆ? ಅತ್ತು ತೋರಿಸಿದರೆ ನಾಟಕವೆನ್ನುತ್ತಾರೆ. ಕಟ್ಟೆಯ ಮೇಲೆ ನಿಂತು ಕೂಗುವಾಗಲೆಲ್ಲ ನನ್ನ ದನಿ ನನಗೇ ಕದ್ದ ಮಾಲಿನ ಹಾಗೆ ಕೇಳಿಸತೊಡಗಿತು.

ಹೀಗಿರುವಾಗ ಒಂದು ಗುರುವಾರ ಪರಮಶಿವಯ್ಯ ಮಂಡಿಯ ವಿಷಯವನ್ನು ಮತ್ತೆ ಎತ್ತಿದ. ಅದೇ ಹೊತ್ತಿಗೆ ಒಂದು ಲಾರಿ ಹಿಂದಕ್ಕೆ ಬರುತ್ತಾ ನಮ್ಮ ಟೊಮೇಟೊ ರಾಶಿಯ ಮೇಲೆ ಹತ್ತಿಬಿಟ್ಟಿತು. ಸರಿ, ಇಡೀ ಮಂಡಿ ಡ್ರೈವರನ ಮೇಲೆ ಮುಗಿಬಿತ್ತು. ಎಲ್ಲರೂ ಒಟ್ಟಿಗೆ ಬೈಯುತ್ತಿದ್ದರು, ಕೇಳಿಸಿಕೊಳ್ಳುವವನು ಡ್ರೈವರ್ ಒಬ್ಬನೇ. ಜಗಳ ಮುಗಿದು ಮೈಗೆ ಮೆತ್ತಿದ ಟೊಮೇಟೊ ಒರೆಸಿಕೊಳ್ಳುತ್ತಿದ್ದಾಗ ಜೈಬಕ್ಕ ಸಭಾಂಗಣದಿಂದ ಬಂದಳು. ಮುಖ ಸುಟ್ಟ ಬದನೆಕಾಯಿಯಾಗಿತ್ತು.

"ಎಲ್ಲೋಗಿದ್ರಿ ಎಲ್ರೂವೆ? ಎದ್ದು ನಿಂತೆ, ಬಾಯಿ ತೆಗೆದೆ, ಒಂದ್ ದನೀನೂ ಬರ್ಲಿಲ್ಲ! ಮೀನಿನ ಥರ ಬಾಯಿ ಆಡಿಸ್ತಾ ನಿಂತಿದ್ದೆ. ಆ ಪರಮಶಿವಯ್ಯ ನಗ್ತಾ, ವಿರೋಧ ಇಲ್ಲ ಅಂತ ಬರೆಸ್ಬುಟ್ಟ. ಬರೋ ಗುರುವಾರ ಅವ್ನು ಎದ್ದು 'ಒಪ್ಪಿಗೆಯೇ' ಅಂತ ಕೇಳಿ, ಗುಡ್ಡದಿಂದ್ಲೇ ಗೆದ್ದಿರೋ ಅವ್ನ ಕಡೆಯೋರು 'ಹೌದು' ಅಂದ್ರೆ ಮುಗೀತು. ಮಂಡಿ ಇಟ್ಟಿಗೆ ಗೂಡಿಗೆ."

ನಮ್ಮವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಸ್ತ್ರಿ ನನ್ನ ಕಡೆ ನೋಡಿದ, ಇದೂ ನನ್ನದೇ ಕಿತಾಪತಿ ಎಂಬಂತೆ. ನನಗೆ ರೇಗಿತು. ರೇಗಿದಾಗಲೇ ನನಗೆ ತಲೆ ಓಡುವುದು.

"ಜೈಬಕ್ಕಾ," ಎಂದೆ, "ದನಿ ಎಲ್ಲಿಂದ ಬರ್ಬೇಕು? ಎಲ್ರೂ ಡ್ರೈವರನ್ನ ಬೈತಾ ಇದ್ರು. ಮಾತಾಡ್ತಾ ಇರೋರ ಬಾಯಿಂದ ದನಿ ಕಿತ್ಕೊಳಕ್ಕೆ ಆಗಲ್ಲ. ಸುಮ್ನಿರೋರ್ದು ಮಾತ್ರ ಹೋಗೋದು, ಇಲ್ಲಾ ಉಸಿರು ತಗೊಳೋ ಸಂದೀಲಿ."

ಜೈಬಕ್ಕ ತನ್ನ ಬುಟ್ಟಿಯ ಒಂದು ನಿಂಬೆಹಣ್ಣನ್ನು ಅಂಗೈಯಲ್ಲಿ ಉರುಳಿಸಿದಳು. ಆಮೇಲೆ ಅವಳ ಮುಖದಲ್ಲಿ ಒಂದು ಕಳ್ಳನಗೆ ಹರಡಿತು.

"ಹಂಗಾದ್ರೆ ಮಲ್ಲೀ, ಬರೋ ಗುರುವಾರ ಗುಡ್ಡದೋರು ಯಾರೂ ಮಲಗ್ದಂಗೆ ಮಾಡಿದ್ರೆ? ಮಲಗೋದಿರ್ಲಿ, ಬಾಯೇ ಮುಚ್ಚದಂಗೆ ಮಾಡಿದ್ರೆ?"

ಆ ತಿಂಗಳು ಟೊಮೇಟೊ ಬೆಲೆ ಮುಗಿಲು ಮುಟ್ಟಿತ್ತು. ಗುಡ್ಡದ ಮೇಲಿನವರು ಸಾರಿಗೆ ಹುಣಿಸೆಹಣ್ಣು ಕಿವುಚಿ, ಮನೆಗೆ ಬಂದ ನೆಂಟರಿಗೆ ಟೊಮೇಟೊ ಎಂದು ಸುಳ್ಳು ಹೇಳುವ ಕಾಲ. ಗುರುವಾರ ಮಧ್ಯಾಹ್ನ ಮಂಡಿಯಲ್ಲಿ ಮನೆಯವರಿಗೇ ನೇರ ಹರಾಜು, ಯಾರು ಗಟ್ಟಿಯಾಗಿ ಕೂಗುತ್ತಾರೋ ಅವರಿಗೆ ಮಾಲು ಎಂದು ಗುಡ್ಡದ ಬೀದಿಗಳಲ್ಲಿ ತಮಟೆ ಹೊಡೆಸಿದೆವು. ಪ್ರತಿ ಅಂಗಡಿಯವರೂ ಒಂದೊಂದು ಬುಟ್ಟಿ ತಂದು ಸುರಿದರು. ನಮ್ಮ ಕೇರಿಯವರು ಅಂದು ಮಾತಾಡಬಾರದು, ಜೈಬಕ್ಕನಿಗೆ ದನಿ ಬೇಕಲ್ಲ. ಆದ್ದರಿಂದ ಎಲ್ಲರ ಬಾಯಿಗೂ ಎಲೆ ಅಡಿಕೆ ತುರುಕಿದೆವು. ಕೂಗುವವಳು ನಾನೊಬ್ಬಳೇ. "ಅವಳ್ದು ಹೆಂಗಿದ್ರೂ ಹೋಗಲ್ಲವಲ್ಲ," ಎಂದ ಮೇಸ್ತ್ರಿ, ಎಲೆಗೆ ಸುಣ್ಣ ಹಚ್ಚುತ್ತಾ.

ಗುರುವಾರ ಗುಡ್ಡ ಇಳಿದು ಬಂತು. ಕಾರಿನಲ್ಲಿ, ಸ್ಕೂಟರಿನಲ್ಲಿ, ಕೊಡೆ ಹಿಡಿದುಕೊಂಡು, ಇಸ್ತ್ರಿ ಸೀರೆಯ ಸೆರಗು ಸಿಕ್ಕಿಸಿಕೊಂಡು ಬಂದರು. ನಿದ್ದೆ ತಪ್ಪಿದ ಕಣ್ಣುಗಳು ಕೆಂಪಗಿದ್ದವು. ಶಾಂತಮಲ್ಲಪ್ಪನವರೂ ಒಂದು ಗೊನೆಯನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದರು. ಹರಾಜೆಂದಮೇಲೆ ಅವರ ಗೊನೆಗೂ ಒಂದು ಬೆಲೆ ಕಟ್ಟಲಿ ಎಂದಿರಬೇಕು. ಅದನ್ನು ನನ್ನ ಕಟ್ಟೆಯ ಮೇಲಿಟ್ಟು, ಪಕ್ಕದಲ್ಲಿ ತುಟಿ ಬಿಗಿದು ನಿಂತರು. ಸಭಾಂಗಣದ ಗಂಟೆ ಹೊಡೆಯಿತು. ನಾನು ಗಂಟಲು ಬಿಟ್ಟೆ.

"ನಾಟಿ ಟೊಮೇಟೊ, ಬುಟ್ಟಿ ಪೂರಾ, ಹತ್ತೇ ಹತ್ತು ರೂಪಾಯಿಂದ ಶುರು, ಯಾರ್ರೀ ಕೂಗೋರು!"

ಅಬ್ಬಬ್ಬಾ! ಗುಡ್ಡದ ಮೇಲೆ ಪಿಸುಮಾತಿನಲ್ಲಿ ಸಂಸಾರ ಮಾಡುವವರ ಎದೆಯಲ್ಲಿ ಅಷ್ಟು ಗಾಳಿ ಇದ್ದದ್ದು ನನಗೆ ಗೊತ್ತಿರಲಿಲ್ಲ. ರಿಟೈರಾದ ಮೇಷ್ಟ್ರು "ಹದಿನೈದು" ಎಂದರೆ ಡಾಕ್ಟರ ಹೆಂಡತಿ "ಇಪ್ಪತ್ತು" ಎಂದು ಅವರ ಕಿವಿಯಲ್ಲೇ ಕಿರುಚಿದಳು. ಹಾರ್ನಿನಲ್ಲಿ ಮೊದಲು ಕೆಮ್ಮು ಕೇಳಿತು. ಆಮೇಲೆ ಏನೂ ಇಲ್ಲ. ಪರಮಶಿವಯ್ಯ ಎದ್ದು ನಿಂತು ಬಾಯಿ ಆಡಿಸುತ್ತಿದ್ದಾನೆಂದು ನಮಗೆಲ್ಲ ತಿಳಿಯಿತು. ಎಲೆ ತುಂಬಿದ ಬಾಯಿಗಳಲ್ಲಿ ನಗಲಾರದೆ ನಮ್ಮವರ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಜೈಬಕ್ಕ ಎದ್ದಳು. ಸಣ್ಣಮ್ಮನ ದನಿಯಲ್ಲಿ ಮಂಡಿಯ ಕತೆ ಮೊದಲಿಟ್ಟಳು.

ನಾನು ಕೂಗಿ ಕೂಗಿ ಬತ್ತಿಹೋಗಿದ್ದೆ. ಚೊಂಬೆತ್ತಿ ಒಂದು ಗುಟುಕು ನೀರು ಕುಡಿದೆ. ಮತ್ತೆ ಬಾಯಿ ತೆರೆದರೆ ಒಳಗೆ ಖಾಲಿ. ಹಗ್ಗ ಕಿತ್ತುಹೋದ ಬಾವಿಯಂತೆ, ಎಳೆದರೂ ಏನೂ ಮೇಲೆ ಬರಲಿಲ್ಲ. ಅದೇ ಕ್ಷಣ ತಾರಸಿಯ ಮೇಲೆ ನನ್ನ ದನಿ ಮೊಳಗಿತು.

"ಮಾನ್ಯ ಅಧ್ಯಕ್ಷರೇ! ಮಂಡಿ ನಾರ್ತದೆ ಅಂತೀರಾ. ನಿಮ್ ಮನೆ ಅಡಿಗೆಗೆ ಒಗ್ಗರಣೆ ಹಾಕೋ ಈರುಳ್ಳಿ ಎಲ್ಲಿಂದ ಬಂತು, ಆಕಾಶದಿಂದ ಉದುರ್ತಾ?"

ಮಾತು ಜೈಬಕ್ಕನದು. ದನಿ ನನ್ನದು, ಕೆರೆಯಾಚೆಯ ಎಮ್ಮೆಗಳು ತಲೆಯೆತ್ತುವ ದನಿ. ಇಡೀ ಮಂಡಿ ಗೋಣು ತಿರುಗಿಸಿ ನನ್ನನ್ನು ನೋಡಿತು. ಮೇಸ್ತ್ರಿ ಬಾಯಲ್ಲಿದ್ದ ಎಲೆ ನುಂಗಿಕೊಂಡ. ನಮ್ಮ ಯಜಮಾನರು ತಕ್ಕಡಿ ಕೆಳಗಿಟ್ಟು ಹಾರ್ನನ್ನೂ ನನ್ನನ್ನೂ ನೋಡುತ್ತಾ ನಿಂತುಬಿಟ್ಟರು. ನನಗೆ ಸಂತೋಷಕ್ಕೆ ಕಣ್ಣು ಕತ್ತಲಿಟ್ಟಿತು. ಮರುಗಳಿಗೆಯೇ ಹೊಳೆಯಿತು. ಕೂಗುವವಳು ನಿಂತರೆ ಗುಡ್ಡದವರೂ ನಿಲ್ಲುತ್ತಾರೆ! ಆಗಲೇ ಗದ್ದಲ ಇಳಿಯತೊಡಗಿತ್ತು. ನಾನು ಎರಡೂ ಕೈಯೆತ್ತಿ ಬೆರಳು ತೋರಿಸಿದೆ, ಮಡಿಸಿದೆ, ಬುಟ್ಟಿ ತಟ್ಟಿದೆ, ಕಟ್ಟೆಯ ಮೇಲೆ ಕುಣಿದೆ. ಟವಲಿನ ಲೆಕ್ಕ ಅವರಿಗೆ ಹೇಗೆ ಗೊತ್ತಾಗಬೇಕು? "ಎಷ್ಟಂತೆ? ಎಷ್ಟಂತೆ?" ಎಂದು ಮೊದಲಿಗಿಂತ ಜೋರಾಗಿ ಒಬ್ಬರ ಮೇಲೊಬ್ಬರು ಬಿದ್ದರು.

ಗೆದ್ದೆವು ಎಂದುಕೊಳ್ಳುವಷ್ಟರಲ್ಲಿ ಹಾರ್ನಿನಲ್ಲಿ ನನ್ನ ದನಿಯ ಜೊತೆಗೆ ಇನ್ನೊಂದು ದನಿ ಎದ್ದಿತು. ಮೊಮ್ಮಗುವಿಗೆ ಲಾಲಿ ಹಾಡುವ ಅಜ್ಜಿಯಂಥ ಸಣ್ಣ, ಸಿಹಿ ದನಿ. "ಸದಸ್ಯರೇ, ಮಂಡಿಯನ್ನು ಸ್ಥಳಾಂತರಿಸುವ ಈ ಠರಾವನ್ನು..." ಪರಮಶಿವಯ್ಯನಿಗೆ ಒಂದು ದನಿ ಸಿಕ್ಕಿಬಿಟ್ಟಿತ್ತು. ಯಾರದು? ಗುಡ್ಡದವರೆಲ್ಲ ಇಲ್ಲೇ ಅರಚುತ್ತಿದ್ದಾರಲ್ಲ! ಪಕ್ಕಕ್ಕೆ ತಿರುಗಿದೆ. ಶಾಂತಮಲ್ಲಪ್ಪನವರು ಎರಡೂ ಕೈಯಲ್ಲಿ ತಮ್ಮ ಗಂಟಲು ಹಿಡಿದುಕೊಂಡು, ಕಣ್ಣು ಮೇಲೆ ಮಾಡಿ ಹಾರ್ನನ್ನೇ ನೋಡುತ್ತಿದ್ದರು. ಗುಡ್ಡದ ವೋಟಿನ ಅಷ್ಟು ಜನರಲ್ಲಿ ಸುಮ್ಮನಿದ್ದವರು ಅವರೊಬ್ಬರೇ. ರೂಢಿ.

ಜೈಬಕ್ಕ ಬಿಟ್ಟುಕೊಡಲಿಲ್ಲ, ಪರಮಶಿವಯ್ಯನೂ ನಿಲ್ಲಿಸಲಿಲ್ಲ. ತಾರಸಿಯ ಮೇಲೆ ನನ್ನ ದನಿ, ಶಾಂತಮಲ್ಲಪ್ಪನವರ ದನಿ ಜುಟ್ಟು ಜುಟ್ಟು ಹಿಡಿದು ಜಗಳವಾಡುತ್ತಿದ್ದವು. ಕೆಳಗೆ ಕಟ್ಟೆಯ ಹತ್ತಿರ ನಾವಿಬ್ಬರೂ ಮೂಕರು, ಎದುರುಬದುರು. ಈ ಮನುಷ್ಯ ಬಾಯಿ ಬಿಡಬೇಕು. ಅದೂ ಪರಮಶಿವಯ್ಯ ಉಸಿರು ತೆಗೆದುಕೊಳ್ಳುವ ಸಂದಿಯಲ್ಲೇ ಬಿಡಬೇಕು. ಕೈಮುಗಿದು ಬೇಡಿದೆ. ಅವರು ತಲೆಯಲ್ಲಾಡಿಸಿದರು. ಅವರಿಗೂ ಪಾಪ, ಮಾತಾಡುವುದು ಹೇಗೆಂದು ಮರೆತೇಹೋಗಿತ್ತೋ ಏನೋ. ಆಗ ಗೊನೆ ಕಣ್ಣಿಗೆ ಬಿತ್ತು.

ಗೊನೆಯನ್ನು ಮುಂದಕ್ಕೆಳೆದುಕೊಂಡೆ. ಒಂದು ಹಣ್ಣು ಒತ್ತಿ ನೋಡಿ ಮೂಗು ಮುರಿದೆ. ಇನ್ನೊಂದನ್ನು ಮೂಸಿ ಮುಖ ಸಿಂಡರಿಸಿದೆ. ಶಾಂತಮಲ್ಲಪ್ಪನವರ ಹುಬ್ಬು ಮೇಲೇರಿತು. ಯಜಮಾನರ ಹೆಗಲಿಂದ ಟವಲು ಎಳೆದುಕೊಂಡು ಅವರ ಕೈಮೇಲೆ ಹಾಕಿ, ಒಳಗೆ ಕೈ ತೂರಿಸಿ ಅವರ ಬೆರಳು ಹಿಡಿದೆ. ಹದಿನೈದು ವರ್ಷ ಮಂಡಿ ಕೇರಿಯ ಸದಸ್ಯರಾಗಿದ್ದವರು, ಸಂತೆಯ ಲೆಕ್ಕ ಅವರಿಗೆ ಚೆನ್ನಾಗಿ ಗೊತ್ತು. ಇಡೀ ಗೊನೆಗೆ ಒಂದೇ ಒಂದು ಬೆರಳು ಅದುಮಿದೆ. ಅವರು ನಂಬಲಾರದೆ ನನ್ನ ಮುಖ ನೋಡಿದರು. ಮತ್ತೊಮ್ಮೆ ಅದುಮಿದೆ. ಅದೇ ಬೆರಳು, ಅರ್ಧ. ಅವರ ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿತು, ತುಟಿ ಅದುರಿತು. ಹಾರ್ನಿನಲ್ಲಿ ಸಣ್ಣ ದನಿ "ಸದಸ್ಯರೇ, ಇದಕ್ಕೆ ಎಲ್ಲರೂ" ಎಂದು ಉಸಿರಿಗಾಗಿ ತಡೆಯಿತು. ನಾನು ಗೊನೆಯನ್ನೆತ್ತಿ ಪಕ್ಕದಲ್ಲಿದ್ದ ಹಸುವಿನ ಮುಂದೆ ಹಿಡಿದೆ.

"ಎಂಟಾಣೆಗಾ!" ಎಂದು ಶಾಂತಮಲ್ಲಪ್ಪನವರು ಕಿರುಚಿದರು. "ನನ್ ಗೊನೆ ಎಂಟಾಣೆಗಾ! ನಿನಗೇನಾದ್ರೂ ನ್ಯಾಯ ನೀತಿ ಇದೆಯೇನಮ್ಮಾ? ಕೂಸಿನ ಥರ ಸಾಕಿದೀನಿ, ಬೂದಿ ಹಾಕಿದೀನಿ, ಬಾವಲಿ ಕಾದಿದೀನಿ, ಗಾಳಿಗೆ ಗೂಟ ಕೊಟ್ಟಿದೀನಿ..."

ಹಾರ್ನಿನಲ್ಲಿ ಸಣ್ಣ ದನಿ ಸತ್ತುಹೋಯಿತು. ಹದಿನೈದು ವರ್ಷದ ಮಾತು ಒಮ್ಮೆಲೇ ಕಟ್ಟೆಯೊಡೆದು ಬರುತ್ತಿತ್ತು, ಉಸಿರಿಗೂ ಸಂದಿ ಇರಲಿಲ್ಲ. ಗೊನೆಯಿಂದ ಶುರುವಾದದ್ದು ಹೆಂಡತಿಯ ಮಂಡಿನೋವಿಗೆ ಹೋಯಿತು, ಅಲ್ಲಿಂದ ಮಗಳ ಗಂಡನಿಗೆ, ಅಲ್ಲಿಂದ ಸಭೆಯ ಆ ದರಿದ್ರ ಕುರ್ಚಿಗೆ, ಅದು ಬೆನ್ನಿಗೆ ಚುಚ್ಚುತ್ತಿದ್ದುದಕ್ಕೆ, ಅದನ್ನು ಒಂದು ಸಲವಾದರೂ ಹೇಳಲಾಗದೆ ನರಳಿದ್ದಕ್ಕೆ. ನಾವು ಆ ಮನುಷ್ಯನನ್ನು ಸುಮ್ಮನಿರಲಿ ಎಂದೇ ಗೆಲ್ಲಿಸುತ್ತಾ ಬಂದವರು. ಅವರಿಗೂ ಹೇಳುವುದಿದ್ದೀತೆಂದು ನಮಗೆ ಯಾರಿಗೂ ಹೊಳೆದಿರಲಿಲ್ಲ.

ತಾರಸಿಯ ಮೇಲೆ ಈಗ ಉಳಿದದ್ದು ನನ್ನ ದನಿ ಒಂದೇ.

"ಅಧ್ಯಕ್ಷರು ಠರಾವು ಕೇಳ್ತಾ ಇಲ್ಲ ಸ್ವಾಮಿ. ಬಾಯಿ ಮಾತ್ರ ಅಲ್ಲಾಡ್ತಾ ಇದೆ. ಹಂಗಾದ್ರೆ ನಾನೇ ಕೇಳ್ತೀನಿ. ಮಂಡಿ ಎತ್ತಬೇಕು ಅನ್ನೋರು ಯಾರಾದ್ರೂ ಇದೀರಾ? ಒಂದು ಸಾರೀ..."

ಜೈಬಕ್ಕ ದಿನವೂ ನನ್ನ ಕಟ್ಟೆಯ ಪಕ್ಕದಲ್ಲಿ ನಿಂಬೆಹಣ್ಣು ಹರಡಿಕೊಂಡು ಕೂತವಳು. ನನ್ನ ಧಾಟಿ, ನನ್ನ ಎಳೆತ, ಒಂದೂ ಬಿಡದೆ ಕಲಿತುಕೊಂಡಿದ್ದಳು.

"ಎರಡು ಸಾರೀ..."

ಮಂಡಿಯಲ್ಲಿ ಗುಡ್ಡದವರೂ ಈಗ ಹಾರ್ನಿನತ್ತ ಮುಖ ಮಾಡಿದ್ದರು. ಆದರೂ ಅವರ ಬಾಯಿ ನಿಂತಿರಲಿಲ್ಲ, ಏನಾಯಿತು ಏನಾಯಿತು ಎಂದು ಪಕ್ಕದವರನ್ನು ಕೇಳುತ್ತಿದ್ದರು. ನಮ್ಮವರು ಉಸಿರು ಬಿಗಿಹಿಡಿದಿದ್ದರು.

"ಮೂರು ಸಾರಿ! ಹೋಯ್ತು! ಮಂಡಿ ಇಲ್ಲೇ!"

ಏನೋ ಮೇಜಿಗೆ ಬಡಿದ ಸದ್ದಾಯಿತು, ಚಪ್ಪಲಿ ಇರಲಾರದು, ಅವು ಹೊರಗಿದ್ದವು. ಎಲೆ ಅಡಿಕೆಯೆಲ್ಲ ಉಗುಳಿ ಮಂಡಿ ಒಂದೇ ಬಾಯಲ್ಲಿ ಹೋ ಎಂದಿತು. ಸಣ್ಣಮ್ಮ ಓಡಿಬಂದು ನನ್ನ ತಲೆಗೆ ಒಂದು ಮೊಳ ಕನಕಾಂಬರ ಸಿಕ್ಕಿಸಿದಳು. ಮೇಸ್ತ್ರಿ ಹತ್ತಿರ ಬಂದು, ಏನೋ ಹೇಳಲು ಹೋಗಿ, ನುಂಗಿದ್ದ ಎಲೆಯ ಬಿಕ್ಕಳಿಕೆಯಲ್ಲಿ ಸಿಕ್ಕಿಕೊಂಡು, ಬರೀ ಕೈಮುಗಿದ. ನಮ್ಮ ಯಜಮಾನರು ನನ್ನ ಕೈಯಿಂದ ಟವಲು ತೆಗೆದುಕೊಂಡು ಹೆಗಲಿಗೆ ಹಾಕಿಕೊಂಡರು.

"ಎಮ್ಮೆಗಳು ಎದ್ದಿರ್ತವೆ," ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ಅದು ಹೊಗಳಿಕೆಯೆಂದು ಅವತ್ತು ತೀರ್ಮಾನವಾಯಿತು.

ದನಿ ಗಂಟಲಿಗೆ ಮರಳಿ ಬಂದು ಕುಳಿತದ್ದು ಗೊತ್ತಾಯಿತು, ಊರು ಸುತ್ತಿ ಬಂದವರ ಹಾಗೆ ಸ್ವಲ್ಪ ಒರಟಾಗಿ, ಸ್ವಲ್ಪ ಬೆಚ್ಚಗೆ. ಶಾಂತಮಲ್ಲಪ್ಪನವರು ಇನ್ನೂ ಮಾತಾಡುತ್ತಲೇ ಇದ್ದರು. ಅವರ ಗೊನೆಯನ್ನು ಹಸುವಿನ ಬಾಯಿಂದ ತಪ್ಪಿಸಿ, ಸೆರಗಿನಿಂದ ಒರೆಸಿ, ಮರ್ಯಾದೆಯಾಗಿ ಕಟ್ಟೆಯ ಮೇಲಿಟ್ಟೆ. "ಗುಡ್ಡದ ಹಿತ್ತಲ ಬಾಳೆ, ಕೂಸಿನ ಥರ ಸಾಕಿದ್ದು, ಯಾರ್ರೀ ಕೂಗೋರು!" ಎಂದು ಹೊಸದಾಗಿ ಹರಾಜು ಶುರುಮಾಡಿದೆ. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದ ದನಿ ಸಣ್ಣದಾಗಿತ್ತು, ಸಿಹಿಯಾಗಿತ್ತು. ಯಾರು ಬೆಲೆ ಏರಿಸಿದರೂ ಅದು ಬಿಡಲಿಲ್ಲ. ಮೂರು ಸಾರಿ ಕೂಗಿ, ಶಾಂತಮಲ್ಲಪ್ಪನವರ ಗೊನೆಯನ್ನು ಒಳ್ಳೆಯ ರೇಟಿಗೆ ಶಾಂತಮಲ್ಲಪ್ಪನವರಿಗೇ ಕೊಟ್ಟು ಕಳಿಸಿದೆ.